ಒಂದ್ ಕಿಲೋದ ಕಲ್ಲು

ಗಿಂಬಲ್ ಅಂದ್ರ ನಲವತ್ತು ಸಾವಿರ.
ನಾ ಒಂದು ಲಗ್ನ ಹೊಡದ್ರ ಆರು,
ಅದರಾಗ ಲೈಟ್ ಹಿಡಿಯೋ ಹುಡುಗಗ ಒಂದು.

ಹಂಗಾಗಿ ನಳದವರು ಬಿಟ್ಟುಹೋದ ಮುಕ್ಕಾಲಿಂಚಿನ ಪೈಪು,
ಸೈಕಲ್ ಪೆಡಲಿನ ಬೇರಿಂಗು,
ಮೌಲಾಸಾಬನ ವೆಲ್ಡಿಂಗಿನ ಮೂರು ಚುಕ್ಕಿ.
ಮ್ಯಾಲ ಕ್ಯಾಮೆರಾ, ನಡುವ ಹಿಡಿಕಿ,
ಕೆಳಗ ಅಡ್ಡಪಟ್ಟಿ,
ಪಟ್ಟಿಯ ಎರಡೂ ತುದಿಗೆ ಸಮಾ ತೂಕ.

ಮೊದಲ ನೀರಿನ ಬಾಟ್ಲಿ ಕಟ್ಟಿ ನೋಡಿದೆ.
ನೀರು ತುಳುಕತು,
ಮದುಮಗಳೂ ತುಳುಕಿದ್ಲು.

ತೂಕ ಹುಡುಕುತ್ತ ಜಮಖಂಡಿ ಬಜಾರಕ್ಕ ಹೋದೆ.
ಕಿರಾಣಿ ಸಂಗಪ್ಪನ ಹತ್ರ ಒಂದು ಕಿಲೋದ ಕಲ್ಲು ಸಿಕ್ತು,
ಇನ್ನೊಂದು ಮಾಳ್ಯಾರ ರುಕ್ಮವ್ವನ ಗೋಣಿತಟ್ಟಿನ ಮ್ಯಾಲ
ಬದನಿಕಾಯಿ ನಡುವ ಕರ್ರಗ ಕುಂತಿತ್ತು.

‘ಚಿತ್ರಕ್ಕ ಯಾಕೋ ತೂಕ?’
‘ನಡದ್ರ ಅಲಗಾಡಬಾರದು ಅಂತ, ಯವ್ವಾ.’
‘ತಾ ಇಲ್ಲೆ’ ಅಂದ್ಳು.
ಪೈಪಿನ ಕೆಳಗ ಒಂದು ಬಟ್ಟು ಇಟ್ಲು,
ಮೆಣಸಿನಕಾಯಿ ಮಣ್ಣು ಹತ್ತಿದ ಬಟ್ಟು.
ಅತ್ತ ಸರಿಸಿದ್ಲು, ಇತ್ತ ಸರಿಸಿದ್ಲು,
ಗಿರಾಕಿ ಜೋಡಿ ಚೌಕಾಶಿ ಮಾಡೂದು ಮಾತ್ರ ನಿಲ್ಲಿಸಲಿಲ್ಲ.
ಪೈಪು ಗಾಳ್ಯಾಗ ನಿಂತುಬಿಡ್ತು.
‘ಇಲ್ಲೆ ಹಿಡಿ.’
ನಾ ಹಚ್ಚಿದ ಹಿಡಿಕಿಗಿಂತ ಎರಡು ಬಟ್ಟು ಮ್ಯಾಲ.

ಮೌಲಾಸಾಬ ಬೈಕೋತ ಕತ್ತರಿಸಿದ, ಬೈಕೋತ ಮತ್ತ ಹಚ್ಚಿದ.

‘ಸಂತಿ ದಿನ ಮುಂಜಾನೆ ತಂದ ಕೊಡಬೇಕು.
ಅಲ್ಲೀತನಾ ಎರಡು ಅರ್ಧ ಕಿಲೋ ಕೂಡಿಸಿ ತೂಗತೀನಿ.’

ಹುನ್ನೂರಿನ ಲಗ್ನ.
ಮೊಣಕಾಲು ಚೂರು ಮಣಿಸಿ, ಉಸಿರು ಹಿಡದು,
ತುಂಬಿದ ಹಾಲಿನ ಗಿಂಡಿ ಹೊತ್ತವರಂಗ ನಡದೆ.
ಅಕ್ಕಿಕಾಳು ಬಿತ್ತು, ಬ್ಯಾಂಡ ಬಡೀತು,
ಒಂದು ಕೂಸು ನನ್ನ ಕಾಲಾಗ ಸಿಕ್ಕು ಅತ್ತಿತು.
ಚಿತ್ರ ಅಲಗಾಡಲಿಲ್ಲ.

ವಾಲಿತ್ತು.

ರಾತ್ರಿ ಮನ್ಯಾಗ ನೋಡಿದ್ರ ಮಂಟಪದ ಕಂಬ ಎಡಕ್ಕ,
ಶಾಸ್ತ್ರದವರು ಎಡಕ್ಕ,
ಹನಿ ಮುಟ್ಟದ ಬೀಗರು
ಹೊಟ್ಟಿ ತುಂಬ ಕುಡದು ನಿಂತಂಗ ಎಡಕ್ಕ.

ಪೈಪಿಗೆ ಬೈದೆ. ವೆಲ್ಡಿಂಗಿಗೆ ಬೈದೆ.
ನನ್ನ ಮಣಿಕಟ್ಟಿಗೇ ಬೈದು
ಎಣ್ಣಿ ಹಚ್ಚಿಕೊಂಡೆ.
ಗೌಂಡಿಯ ರಸಮಟ್ಟ ಇಟ್ಟು ನೋಡಿದ್ರ
ಗುಳ್ಳಿ ಒಂದು ಮೂಲಿಗೆ ಓಡಿಹೋಗಿ ಕುಂತಿತ್ತು,
ತಪ್ಪು ಮಾಡಿದ ಹುಡುಗನಂಗ.

ಕಡೀಕ ಪತ್ತಾರ ಮೌನೇಶನ ಬಂಗಾರದ ಕಾಟಾದ ಮ್ಯಾಲ
ಎರಡೂ ಕಲ್ಲು ಇಟ್ವಿ.
ಸಂಗಪ್ಪಂದು ಸಾವಿರದ ಒಂದು.
ರುಕ್ಮವ್ವಂದು ಒಂಬೈನೂರ ಐವತ್ತು.

ತಿರುವಿ ನೋಡಿದ.
ಕೆಳಗ ಸೀಸದ ಮುದ್ರಿ ಇರೂ ತೂತು
ಖಾಲಿ.
ಮೌನೇಶ ನಕ್ಕ:
‘ಕಾಯಿಪಲ್ಲೆ ಕಲ್ಲು ತಂದು
ಬಂಗಾರದ ಕಾಟಾಕ ಇಡಬಾರದು, ತಮ್ಮಾ.’

ನಮ್ಮ ಮನಿ ಇಪ್ಪತ್ತು ವರ್ಷದ ಬದನಿಕಾಯಿ.
ಬಾಯಿಲೆಕ್ಕ ಹಾಕ್ಕೋತ ಹೊಂಟೆ,
ವಾರಕ್ಕ ಐವತ್ತು ಗ್ರಾಂ, ವರ್ಷಕ್ಕ ಎರಡೂವರಿ ಕಿಲೋ.
ಕೆರಿ ದಾಟೂದರಾಗ ಕೊಸರು ನೆನಪಾತು:
ತೂಗಿದ ಮ್ಯಾಲ ಚೀಲಕ್ಕ ಒಗಿಯೋ ಕೊತ್ತಂಬರಿ,
ಅವ್ವಗ ಜ್ವರ ಬಂದಾಗಿನ ನಿಂಬಿಹಣ್ಣು.
ಅದನ್ನ ಯಾರೂ ತೂಗಿಲ್ಲ.
ಲೆಕ್ಕ ತಪ್ಪಿತು, ಬಿಟ್ಟೆ.

ಅಕಿ ಕಲ್ಲಿಗೆ ಐದು ವಾಶರು ಟೇಪ್ ಸುತ್ತಿ ಹಚ್ಚಿದೆ.
ಗುಳ್ಳಿ ನಡುವಕ್ಕ ಬಂತು.
ಮುಂದಿನ ಎರಡು ಲಗ್ನದಾಗ ಕಂಬ ಸೀದಾ, ಬೀಗರು ಸೀದಾ.

ಸಂತಿ ದಿನ ಮುಂಜಾನೆ
ವಾಶರು ಬಿಚ್ಚಿ, ಟೇಪಿನ ಅಂಟು ಒರಸಿ,
ಕಲ್ಲು ಕೊಟ್ಟೆ.
ಅಕಿ ತಿರುವಿ ಹೆಬ್ಬಟ್ಟಿಲೆ ತೂತು ಸವರಿದ್ಲು.
ನನ್ನ ಮಾರಿ ನೋಡಲಿಲ್ಲ.
‘ಚಿತ್ರ ಸೀದಾ ಬಂತೇನು?’
‘ಬಂತು, ಯವ್ವಾ.’
‘ಹ್ಞೂಂ.’

ಒಂದು ಕಿಲೋ ಬದನಿಕಾಯಿ ಕೇಳಿದೆ.
ಅದೇ ಕಲ್ಲು ಇಟ್ಲು, ತಕ್ಕಡಿ ಎತ್ತಿದ್ಲು.
ಮುಳ್ಳು ನಟ್ಟನಡುವ ನಿಂತಿತು.
ಅಷ್ಟು ಸ್ಥಿರ ಶಾಟು
ನಾ ಇನ್ನೂ ತೆಗದಿಲ್ಲ.

ಆಮ್ಯಾಲ ಎಡಗೈಲೆ
ಕೇಳದನ ಒಂದು ಬದನಿಕಾಯಿ ಒಗದ್ಲು,
ತಡದು ಇನ್ನೊಂದು.

ಪರಡಿ ಜೋಲಿತು.